ದುಡ್ಡು ಬೇಡ, ಸೊಪ್ಪು ಕೊಡಿಸಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನನ್ನ ಮುಂದೆ ಯಾರಾದರೂ ಹೇಳಿದರೆ ನಾನು ಸುಮ್ಮನಿರುವವಳಲ್ಲ. ಆ ಕೂಸು ನಾನೇ, ಮತ್ತು ನಾನು ಬಡವಾಗಲಿಲ್ಲ. ಅದಕ್ಕೆ ಕಾರಣ ಇಬ್ಬರು ಹೆಂಗಸರು. ಒಬ್ಬಳು ನನ್ನನ್ನು ಹೆತ್ತವಳು, ಇನ್ನೊಬ್ಬಳು ಅವಳ ಜಾಗಕ್ಕೆ ಬಂದವಳು.

ಊರ ಯಜಮಾನರ ಮುಂದೆ ಅವ್ವ ತಾಳಿ ಇಳಿಸಿ ಕೊಟ್ಟಾಗ ನನಗೆ ಏಳು ವರ್ಷ. ಗಂಡು ಹೆರಲಿಲ್ಲ ಎಂಬುದು ಅಪ್ಪನ ದೂರು. ದಿನಾ ಬಡಿತ ತಿನ್ನಲು ತಾನೇನು ಕಣದಲ್ಲಿ ಹಾಕಿದ ರಾಗಿ ತೆನೆಯೇ ಎಂಬುದು ಅವ್ವನ ದೂರು. ಯಜಮಾನರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ಬಿಡುಗಡೆ ಮಾಡಿಸಿದರು. ಬಿಟ್ಟುಹೋಗುವ ಹೆಂಡತಿಗೆ ಗಂಡ ಏನನ್ನೂ ಕೊಡಬೇಕಿಲ್ಲ ಎಂದರು. ಮಗಳ ಹೊಟ್ಟೆಪಾಡಿನ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಮಾವ, ಅಂದರೆ ಅವ್ವನ ಅಣ್ಣ, ಹನೂರು ರಸ್ತೆಯ ತನ್ನ ಮನೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಬಂದ. ಆ ಊರಿನ ನೀರು ಮುಟ್ಟಿದರೆ ಮಾದಪ್ಪನ ಆಣೆ ಎಂದು ದಾರಿಯಲ್ಲೇ ಆಣೆ ಇಟ್ಟ. ಆಣೆ ಇಡುವುದರಲ್ಲಿ ಮಾವ ಶೂರ.

ಮಗುವಿಗಾದರೆ ಕೋರ್ಟು ಕೊಡಿಸುತ್ತದೆ ಎಂದು ಯಾರೋ ಹೇಳಿದ್ದರಿಂದ ಮಾರನೆಯ ವರ್ಷ ಕೊಳ್ಳೇಗಾಲದಲ್ಲಿ ಕೇಸಾಯಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ಮೂರು ವರ್ಷ. ಕೋರ್ಟಿನ ಜವಾನ ಅರ್ಧ ತಮಿಳಿನಲ್ಲೇ ಕೂಗುತ್ತಿದ್ದ. ಮ್ಯಾಜಿಸ್ಟ್ರೇಟರು ಮರ್ಯಾದಸ್ಥರು. ಮಗುವಿನ ಜೀವನಕ್ಕೆ ತಿಂಗಳಿಗೆ ಎಷ್ಟು ಬೇಕಮ್ಮ ಎಂದು ಕೇಳಿದರು.

"ದುಡ್ ಬ್ಯಾಡ ಸಾ. ಸೊಪ್ ಕೊಡ್ಸಿ" ಎಂದಳು ಅವ್ವ.

ಇಡೀ ಕೋರ್ಟು ನಕ್ಕಿತು. ನಮ್ಮ ವಕೀಲರು ಹಣೆ ಚಚ್ಚಿಕೊಂಡರು. ನನಗೆ ನಾಚಿಕೆಯಾಗಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದೆ. ಅವ್ವ ಮಾತ್ರ ನಗು ಮುಗಿಯುವವರೆಗೂ ಕಾದು, "ದುಡ್ಡು ಇವ್ರ ಜೋಬಿಂದ ಬರ್ಬೇಕು ಸಾ, ಮನಸ್ ಬಂದ್ರೆ ಬತ್ತದೆ, ಇಲ್ದಿದ್ರೆ ಇಲ್ಲ. ಸೊಪ್ಪು ಭೂಮಿಯಿಂದ ಬತ್ತದೆ. ಆ ಕಡ್ಡಿ ನೆಟ್ಟೋಳು ನಾನೇಯ" ಎಂದಳು. ಆಮೇಲೆ ಯಾರೂ ನಗಲಿಲ್ಲ.

ಅವಳು ಕೇಳಿದ್ದು ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳುವಿನ ಮೇವು. ಮಾವನ ಮನೆಯ ಒಂದು ಕೋಣೆಯಲ್ಲಿ ಹುಳು ಸಾಕಿ ಗೂಡು ಮಾರುವುದು ಅವಳ ಲೆಕ್ಕ. ಅಪ್ಪನ ಕಪಿಲೆ ಬಾವಿಯ ಪಕ್ಕದ ತೋಟವನ್ನು ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನೆಟ್ಟವಳು ಅವಳೇ. ಸೊಪ್ಪು ಕೊಡಿಸುವ ಅಧಿಕಾರ ಕೋರ್ಟಿಗೆ ಇರಲಿಲ್ಲವೋ ಏನೋ, ವಕೀಲರಿಬ್ಬರೂ ಹೊರಗೆ ಕೂತು ರಾಜಿ ಪತ್ರ ಬರೆಸಿದರು. ಮಗಳಿಗೆ ಮದುವೆಯೋ ನೌಕರಿಯೋ ಆಗುವವರೆಗೆ ಬಾವಿ ಪಕ್ಕದ ತೋಟದ ಸೊಪ್ಪನ್ನು ತಾಯಿಗೆ ಕೊಡತಕ್ಕದ್ದು. ಅಪ್ಪ ಖುಷಿಯಿಂದ ಹೆಬ್ಬೆಟ್ಟು ಒತ್ತಿದ. ಸೊಪ್ಪಿಗೇನು, ಕುಯ್ದಷ್ಟೂ ಚಿಗುರುತ್ತದೆ ಎಂದು ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಿದನಂತೆ.

ಆದರೆ ಆ ಪತ್ರದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಸೊಪ್ಪನ್ನು ಕುಯ್ದು ಹೊತ್ತು ತರುವವರು ಯಾರು? ತಾಳಿ ಇಳಿಸಿ ಕೊಟ್ಟವಳು ಆ ಮನೆಯ ಹೊಲ ತುಳಿಯುವಂತಿಲ್ಲ, ಅದು ನಮ್ಮ ಕಡೆಯ ಕಟ್ಟು. ಮಾವನಿಗೆ ಆಣೆ. ಅಪ್ಪನನ್ನು ಕೇಳಿದರೆ, ಕೊಡು ಎಂದು ಬರೆದಿದೆ, ಹೊರು ಎಂದು ಬರೆದಿಲ್ಲ ಎಂದ. ಉಳಿದವಳು ನಾನು. ಮಗಳಿಗೆ ಅಪ್ಪನ ಹೊಲ ತುಳಿಯಲು ಅಡ್ಡಿಯಿಲ್ಲವಲ್ಲ. ಅಂದಿನಿಂದ ಎಂಟು ವರ್ಷ, ಮನೆಯಲ್ಲಿ ಹುಳು ಇದ್ದಾಗಲೆಲ್ಲ ಬೆಳಗ್ಗೆ ಎದ್ದು ಒಂದೂವರೆ ಮೈಲಿ ನಡೆದು, ಸೊಪ್ಪು ಬಿಡಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದಿದ್ದೇನೆ. ಆಮೇಲೆ ಹನೂರಿನ ಸ್ಕೂಲು. ಸಂಜೆ ಮತ್ತೆ ತೋಟ. ನನ್ನ ಕುತ್ತಿಗೆ ಗಿಡ್ಡ ಎಂದು ನನ್ನ ಮಕ್ಕಳು ಈಗಲೂ ರೇಗಿಸುತ್ತಾರೆ. ರೇಗಿಸಲಿ. ಸ್ಲೇಟು, ಪುಸ್ತಕ, ಲಂಗ, ರಾಗಿ, ಎಲ್ಲವೂ ಬಂದದ್ದು ಆ ಗೂಡಿನಿಂದ.

ತೋಟದಲ್ಲಿ ಕೆಲವು ಸಲ ಅಪ್ಪನ ಎರಡನೆಯ ಹೆಂಡತಿ ಕಾಣುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಅವಳೂ ದನಗಳ ಹಿಂದೆ ಸರಿದು ಹೋಗುತ್ತಿದ್ದಳು. ಒಂದು ಮಾತೂ ಆಡಿದ್ದಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು. ಪರೀಕ್ಷೆ ಕೊಳ್ಳೇಗಾಲದಲ್ಲಿ, ಮೊದಲನೇ ಬಸ್ಸಿಗೆ ಹೋದರೆ ಬರುವಾಗ ಕತ್ತಲೆ. ಹೀಗೆ ಆರು ದಿನ. ಅದೇ ಹೊತ್ತಿಗೆ ಹುಳು ನಾಲ್ಕನೇ ಜ್ವರ ಎದ್ದಿತು. ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಒಂದು ವಾರ ಅದು ತಿನ್ನುವ ಸೊಪ್ಪು ಅಷ್ಟಿಷ್ಟಲ್ಲ. ಒಂದು ಹೊತ್ತು ತಪ್ಪಿದರೂ ಬೆಳೆ ಹೋಯಿತು. ಆ ಬೆಳೆಯ ದುಡ್ಡಿನಲ್ಲೇ ನಾನು ಟೀಚರ್ ಟ್ರೈನಿಂಗಿಗೆ ಸೇರಬೇಕಿತ್ತು. ಪರೀಕ್ಷೆಗೆ ಹೋದರೆ ಹುಳು ಸಾಯುತ್ತದೆ, ಹುಳು ನೋಡಿಕೊಂಡರೆ ಪರೀಕ್ಷೆ ಹೋಗುತ್ತದೆ. ಕೊಂಡು ಹಾಕೋಣವೆಂದರೆ ಆಗ ಎಲ್ಲರ ಮನೆಯಲ್ಲೂ ಹುಳು, ಯಾರೂ ಸೊಪ್ಪು ಮಾರುವವರಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ತೋಟದಲ್ಲಿ ಸೊಪ್ಪು ಬಿಡಿಸುತ್ತಾ ಅಳುತ್ತಿದ್ದೆ. ಅಪ್ಪನ ಆ ಹೆಂಡತಿ ಬಂದು ಎದುರಿಗೆ ನಿಂತಳು.

"ಯಾಕಮ್ಮಿ ಅಳ್ತಿದ್ದೀಯೆ?"

"ನಿಮಗ್ಯಾಕೆ?" ಎಂದೆ. ಎಂಟು ವರ್ಷದ ಸಿಟ್ಟು. ಆದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು. ಬೈದಂತೆಯೇ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ದನಗಳನ್ನು ಹೊಡೆದುಕೊಂಡು ಹೋದಳು.

ಮನೆಗೆ ಬಂದು ನಾನು ಪರೀಕ್ಷೆಗೆ ಹೋಗುವುದಿಲ್ಲ ಎಂದೆ. ಅವ್ವ ಹೋಗು ಎಂದಳು. ಬೇರೆ ದಿನವಾಗಿದ್ದರೆ ಬೀದಿಗೆ ಕೇಳುವಂತೆ ಜಗಳವಾಡುತ್ತಿದ್ದೆವು. ಆದರೆ ದೊಡ್ಡ ಹುಳು ಇರುವ ಮನೆಯಲ್ಲಿ ಗಟ್ಟಿ ಮಾತು ಆಡಬಾರದು, ಒಗ್ಗರಣೆ ಹಾಕಬಾರದು, ಹೊರಗಿನವರನ್ನು ಒಳಗೆ ಬಿಡಬಾರದು. ಹಾಗಾಗಿ ಸಪ್ಪೆ ಸಾರು ಉಣ್ಣುತ್ತಾ ಪಿಸುಮಾತಿನಲ್ಲೇ ಜಗಳವಾಡಿದೆವು.

ಬೆಳಕು ಹರಿಯುವ ಹೊತ್ತಿಗೆ ಬಾಗಿಲಲ್ಲಿ "ಅಕ್ಕ" ಎಂದು ಯಾರೋ ಕರೆದರು. ಅವಳು ನಿಂತಿದ್ದಳು. ತಲೆಯ ಮೇಲೆ ನಾನು ಹೊರುವುದರ ಎರಡರಷ್ಟು ಸೊಪ್ಪಿನ ಹೊರೆ. ಕಾಲು ಮಂಡಿಯವರೆಗೆ ಮಣ್ಣು.

"ಇಳಿಸ್ಕಳಿ ಅಕ್ಕ. ಸಂಜಗೂ ತತ್ತೀನಿ. ಮಗೀನ ಬಸ್ಸಿಗ ಕಳ್ಸಿ."

ಅವ್ವ ಹೊರೆ ಇಳಿಸಿಕೊಳ್ಳಲಿಲ್ಲ. ಅವಳನ್ನೇ ನೋಡಿದಳು. ಅವ್ವನ ಬಾಯಿ ನನಗೆ ಗೊತ್ತು. ಹೊರೆ ಹೊತ್ತವಳೇ ಹೆದರಿ, "ನಾನು ಒಳಗ ಬರಾಕಿಲ್ಲ ಅಕ್ಕ. ಹುಳಿಗ ಏನಾರ ಆದ್ರೆ ನನ್ನ ಕಣ್ಣು ಅಂತಾರೆ" ಎಂದಳು.

ಅವ್ವ ಹುಳುವಿನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. ಸ್ವಂತ ಅತ್ತಿಗೆಯನ್ನೂ ಆ ಕೋಣೆಗೆ ಬಿಡದವಳು ಅವಳು.

"ಬಾ ಒಳಕ್ಕ. ತಂದೋಳು ನೀನು, ನೀನೇ ಆಕು" ಎಂದಳು.

ನಾನು ಬಸ್ಸು ಹಿಡಿಯಲು ಓಡಿದೆ. ಆರು ದಿನವೂ ಅವಳು ಎರಡು ಹೊತ್ತು ಸೊಪ್ಪು ತಂದಳು. ಮೂರನೆಯ ದಿನ ಅಪ್ಪ ಕಂಡು ಕೇಳಿದನಂತೆ. "ಹೊರು ಅಂತ ಬರ್ದಿಲ್ಲ, ಹೊರಬ್ಯಾಡ ಅಂತ್ಲೂ ಬರ್ದಿಲ್ವಲ್ಲ" ಎಂದಳಂತೆ. ಅಪ್ಪನೂ ಒಂದು ದಿನ ಹೊರೆ ಕಟ್ಟಿಕೊಟ್ಟ ಎಂದು ಬರೆಯಲು ನನಗೆ ಆಸೆ. ಕಟ್ಟಿಕೊಡಲಿಲ್ಲ. ತಡೆಯಲಿಲ್ಲ, ಅಷ್ಟೇ. ಅಷ್ಟಕ್ಕೇ ಕೈ ಮುಗಿದುಬಿಡುತ್ತೇನೆ.

ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿತ್ತು. ಅವ್ವನೂ ಅವಳೂ ಎದುರುಬದುರು ಕೂತು ಹುಳು ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಡುತ್ತಿದ್ದರು. ಇಬ್ಬರೂ ಮೆಲ್ಲಗೆ ನಗುತ್ತಿದ್ದರು. ಅಪ್ಪನ ಗೊರಕೆಯ ವಿಷಯವಂತೆ. ನಾನು ಅಂದು ಮೊದಲ ಸಲ ಅವಳನ್ನು ಚಿಕ್ಕವ್ವ ಎಂದು ಕರೆದೆ. ಗೂಡನ್ನು ಮಾಂಬಳ್ಳಿಯ ನೂಲು ಬಿಚ್ಚುವವರು ಬಂದು ಕೊಂಡುಹೋದರು. ನಾನು ಪಾಸಾದೆ, ಟ್ರೈನಿಂಗಿಗೆ ಸೇರಿದೆ. ನಾನು ಊರು ಬಿಟ್ಟ ಮೇಲೂ ಸೊಪ್ಪು ಬರುವುದು ನಿಲ್ಲಲಿಲ್ಲ.

ಯಳಂದೂರಿನ ಸ್ಕೂಲಿಗೆ ಆರ್ಡರ್ ಬಂದ ದಿನ ಅವ್ವ ಪೆಟ್ಟಿಗೆಯಿಂದ ರಾಜಿ ಪತ್ರ ತೆಗೆದಳು. ನ್ಯಾಯ ಎಂದರೆ ನ್ಯಾಯ ಅವಳಿಗೆ. ಮಾರನೆಯ ಬೆಳಗ್ಗೆ ಚಿಕ್ಕವ್ವ ಹೊರೆ ಹೊತ್ತು ಬಂದಾಗ ಪತ್ರವನ್ನು ಅವಳ ಮುಂದೆ ಹಿಡಿದು, "ಮಗಳಿಗ ನೌಕ್ರಿ ಆಯ್ತು. ನಿಮ್ ಋಣ ತೀರ್ತು. ಇನ್ನು ಸೊಪ್ ಬ್ಯಾಡ ಕಣವ್ವ" ಎಂದಳು.

ಚಿಕ್ಕವ್ವ ಹೊರೆ ಇಳಿಸಲೂ ಇಲ್ಲ, ಪತ್ರ ಈಸಿಕೊಳ್ಳಲೂ ಇಲ್ಲ. ಅವಳಿಗೆ ಮಕ್ಕಳಾಗಿರಲಿಲ್ಲ. ಅಪ್ಪ ಮೂರನೆಯವಳನ್ನು ತರುವ ಮಾತನಾಡುತ್ತಿದ್ದ.

"ಸೊಪ್ ಬ್ಯಾಡ ಅಂದ್ರೆ ನಾನು ಈ ಮನಗ ಏನಂತ ಬರ್ಲಿ ಅಕ್ಕ?" ಎಂದಳು.

ಅವ್ವ ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ ಹೊರೆಯನ್ನು ಇಳಿಸಿಕೊಂಡಳು.