ಮೊಟ್ಟೆಯೊಳಗಿನ ಬುತ್ತಿ

ಎಂಬತ್ತರ ದಶಕದ ಮೊದಲಲ್ಲಿ ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ಮೊಟ್ಟೆ ನೋಡಿಕೊಂಡು ಸಂಬಳ ಪಡೆಯುತ್ತಿದ್ದೆ. ಮೀನು ತಿನ್ನಲಿಕ್ಕೆ ಇಷ್ಟು ಓದಬೇಕೇ ಎಂದು ನೆಂಟರು ನಗುತ್ತಿದ್ದರು. ಉತ್ತರ ಕೊಡುವುದನ್ನು ಬಿಟ್ಟುಬಿಟ್ಟಿದ್ದೆ.

ಮೊಟ್ಟೆ ಬಿಡಲೆಂದು ಚುಚ್ಚುಮದ್ದು ಕೊಟ್ಟ ಹೆಣ್ಣು ಗೆಂಡೆಮೀನಿನ ಹೊಟ್ಟೆ ಒತ್ತಿ ಬೋಗುಣಿಗೆ ಮೊಟ್ಟೆ ಇಳಿಸಬೇಕು. ಗಂಡಿನ ವೀರ್ಯ ಬೆರೆಸಿ ಕೋಳಿಯ ಗರಿಯಿಂದ ಮೆಲ್ಲಗೆ ಕಲಕಬೇಕು. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರುವುದು. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಈ ಹಂತದಲ್ಲಿ ಭ್ರೂಣದ ಸ್ವಂತದ್ದೇನೂ ಇಲ್ಲ. ತಾಯಿ ಮೀನು ಮೊಟ್ಟೆಯೊಳಗೆ ಕಟ್ಟಿಟ್ಟ ಬುತ್ತಿಯಲ್ಲೇ ಎಲ್ಲ ನಡೆಯುತ್ತದೆ. ಕೋಶಗಳು ಸಾಕಷ್ಟಾದ ಮೇಲೆ ಅದರ ಜೀನ್‌ಗಳು ಎಚ್ಚರಗೊಳ್ಳಬೇಕು. ಆ ಮಳೆಗಾಲ ನಮ್ಮ ಪ್ರೊಫೆಸರು ಬೇರೆ ಬಗೆಯ ಗಂಡು ಮೀನಿನ ವೀರ್ಯ ಬೆರೆಸಿ ನೋಡುತ್ತಿದ್ದರು. ಕೋಶಗಳು ಚೆನ್ನಾಗಿಯೇ ವಿಭಜನೆಯಾಗುತ್ತಿದ್ದವು. ಎಚ್ಚರವಾಗಬೇಕಾದ ಘಟ್ಟದಲ್ಲಿ ಎಲ್ಲ ನಿಂತು, ಮೊಟ್ಟೆ ಬೆಳ್ಳಗಾಗುತ್ತಿತ್ತು. ನಾನು ಪಿಪೆಟ್ಟಿನಲ್ಲಿ ಹೀರಿ ಚೆಲ್ಲುತ್ತಿದ್ದೆ.

ಅದೇ ಮಳೆಗಾಲ ಅತ್ತಾವರದ ಡಾಕ್ಟರಮ್ಮ, ನನ್ನ ಹೊಟ್ಟೆಯಲ್ಲಿದ್ದದ್ದು ಬೆಳೆಯುವುದನ್ನು ನಿಲ್ಲಿಸಿದೆ ಎಂದರು. ಕ್ಲೀನ್ ಮಾಡಿಸಿಕೊಂಡು ಕೊಟ್ಟಾರಕ್ಕೆ, ಅಮ್ಮನ ಮನೆಗೆ ಬಂದೆ. ಅಳು ಬರಲಿಲ್ಲ. ಗಂಜಿ ಕೊಟ್ಟರೆ ಉಂಡೆ, ದೀಪ ಆರಿಸಿದರೆ ಮಲಗಿದೆ.

ನಮ್ಮಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಅಣ್ಣಂದಿರ ಮಕ್ಕಳು ಅವರವರ ತಾಯಂದಿರ ಕಡೆಯವರು. ಅಮ್ಮನಿಗೆ ಹೆಣ್ಣೆಂದು ನಾನೊಬ್ಬಳೇ. ನನಗೆ ಮಗುವಾಗದಿದ್ದರೆ ಅವಳ ಕವಲು ಅಲ್ಲಿಗೆ ಮುಗಿಯಿತು. ಹಾಗಾಗಿ ತಪ್ಪು ಹುಡುಕುವಾಗ ಅವಳು ಅಳಿಯನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲ ತಾಯಿಯದ್ದೇ ಆದಾಗ ಕೊರತೆಯೂ ತಾಯಿಯದ್ದೇ ತಾನೆ! ನಾನು ನಿಂತು ಕೆಲಸ ಮಾಡಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಹೊತ್ತಿಗೆ ಉಣ್ಣದ್ದು ಎಲ್ಲವನ್ನೂ ಎತ್ತಿ ಆಡಿ, ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ನೀನು ಅದಕ್ಕೆ ಎಂತ ಕಮ್ಮಿ ಮಾಡಿದ್ದು?"

ಮೀನಿನ ಲೆಕ್ಕ ಮನುಷ್ಯರಿಗೆ ಹಾಗೆಯೇ ಹೊಂದುವುದಿಲ್ಲವೆಂದು ಗೊತ್ತಿತ್ತು. ಆದರೂ ಪಾಠ ಒಪ್ಪಿಸಿದ ಹಾಗೆ ಬೋಗುಣಿಯ ಕಥೆಯನ್ನೇ ಹೇಳಿದೆ. ತಾಯಿ ಕೊಡುವುದನ್ನೆಲ್ಲ ಕೊಟ್ಟ ಮೇಲೂ, ಒಂದು ಹಂತದಿಂದ ಮುಂದೆ ಅದು ತಾನೇ ಏಳಬೇಕು, ಕೆಲವು ಏಳುವುದಿಲ್ಲ ಎಂದೆ.

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು.

"ಹಾಗಾದ್ರೆ ಇದ್ದಷ್ಟು ದಿನ ಅದು ಉಂಡದ್ದು ನಿನ್ನದೇ," ಎಂದಳು.

ಉಣ್ಣಲು ನೋಡಿದೆ. ಅಷ್ಟು ದಿನ ಸಲೀಸಾಗಿ ಇಳಿಯುತ್ತಿದ್ದ ಗಂಜಿಯನ್ನು ಅಂದು ಒಂದು ತುತ್ತೂ ಉಣ್ಣಲಾಗದೆ ತಟ್ಟೆ ಸರಿಸಿದೆ.