ಎಂಟಾಣೆಯ ಗುಂಡಿ

ಕಳೆದ ತಿಂಗಳು ದಾಂಡೇಲಿಯ ಹೊಸ ಹೋಟೆಲೊಂದರಲ್ಲಿ ಊಟ ಮುಗಿಸಿ ಕೌಂಟರಿಗೆ ಹೋದೆ. ಮಶೀನು ಚರ್ರನೆ ಬಿಲ್ಲು ಹೊರಹಾಕಿತು. ಕೊನೆಯ ಸಾಲಿನಲ್ಲಿ ‘ರಿಯಾಯಿತಿ: ಸೊನ್ನೆ’ ಎಂದಿತ್ತು. ಕೌಂಟರಿನ ಹುಡುಗಿ, “ಕೂಪನ್ ಐತೇನ್ರಿ ಅಜ್ಜಾರ?” ಎಂದಳು. ನನ್ನ ಕೈ ತಾನಾಗಿಯೇ ಅಂಗಿಯ ಎರಡನೇ ಗುಂಡಿಗೆ ಹೋಯಿತು...

ಎಪ್ಪತ್ತರ ದಶಕದ ಕೊನೆ. ಹಳಿಯಾಳದಿಂದ ಬಂದು ದಾಂಡೇಲಿಯ ಕಟ್ಟಿಗೆ ಡಿಪೋ ಒಂದರಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ. ಎರಡು ಹೊತ್ತಿನ ಊಟ, ಊರೆಲ್ಲ ‘ಅಕ್ಕ’ ಎನ್ನುತ್ತಿದ್ದ ಹೆಂಗಸೊಬ್ಬಳ ಖಾನಾವಳಿಯಲ್ಲಿ. ಅಕ್ಕ ದರ್ಜಿಯೊಬ್ಬನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲೇ ಒಲೆ ಹೂಡಿ ರೊಟ್ಟಿ ಬಡಿಯತೊಡಗಿದ್ದಳು. ಹೊಲಿಗೆ ಮಶೀನು ಮೂಲೆಯಲ್ಲೇ ಇತ್ತು, ಅದರ ಮೇಲೆ ಗುರೆಳ್ಳು ಚಟ್ನಿಯ ಡಬ್ಬಿ.

ಆ ವರ್ಷ ಎದುರಿಗೇ ಒಂದು ಹೋಟೆಲು ಶುರುವಾಯಿತು. ಪೂರಿ, ಸಾಗು, ತಲೆಯ ಮೇಲೆ ಫ್ಯಾನು. ಅಕ್ಕನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. “ಹಿಂಗ ಆದ್ರ ದೀಪಾವಳಿಗೆ ಒಲಿ ಆರಸೂದ ನೋಡ್ರಿ,” ಎಂದಳು. ನನಗೆ ಸಂಕಟವಾಯಿತು. ಅದರಲ್ಲಿ ಅಕ್ಕನ ಮೇಲಿನ ಮರುಕ ಎಷ್ಟು, ರೊಟ್ಟಿಯ ಮೇಲಿನ ಆಸೆ ಎಷ್ಟು, ಹೇಳಲಾರೆ.

ನಾಲ್ಕಕ್ಷರ ಕಲಿತವನ ಜಂಬದಿಂದ ನಾನೇ ಯೋಜನೆ ಹಾಕಿದೆ. ಹತ್ತು ಊಟಕ್ಕೆ ಒಂದು ಗುರುತು. ಆ ಗುರುತು ತಿರುಗಿ ಕೊಟ್ಟರೆ ಮುಂದಿನ ಊಟಕ್ಕೆ ಎಂಟಾಣೆ ರಿಯಾಯಿತಿ. ಅಕ್ಕನಿಗೆ ಓದು ಬಾರದು, ಹಾಗಾಗಿ ಚೀಟಿ ಬೇಡ. ಮಶೀನಿನ ಖಾನೆಯಲ್ಲಿ ದರ್ಜಿ ಬಿಟ್ಟುಹೋದ ಗುಂಡಿಗಳಿದ್ದವು, ಜೇನುಬಣ್ಣದ ನಾಲ್ಕು ತೂತಿನವು. “ಇಂಥಾ ಗುಂಡಿ ಬ್ಯಾರೆ ಎಲ್ಲಿ ಸಿಗತಾವ್ರಿ ಅಕ್ಕಾರ?” ಎಂದೆ. ಅಕ್ಕ ಒಪ್ಪಿದಳು.

ಕೆಲವೇ ದಿನಗಳಲ್ಲಿ ಗಿರಾಕಿಗಳು ಮರಳಿದರು. ಆಮೇಲೆ ಗುಂಡಿಗಳೂ ಮರಳತೊಡಗಿದವು, ಕೊಟ್ಟದ್ದಕ್ಕಿಂತ ಹೆಚ್ಚು! ಒಂದು ಮಧ್ಯಾಹ್ನ ಪಂಕ್ತಿಯನ್ನು ನೋಡಿದೆ. ಒಬ್ಬನ ಅಂಗಿಗೆ ಸೇಫ್ಟಿ ಪಿನ್ನು, ಇನ್ನೊಬ್ಬನಿಗೆ ಹೊಕ್ಕಳವರೆಗೂ ಗಾಳಿ. ಆಗ ಹೊಳೆಯಿತು: ಅರ್ಧ ದಾಂಡೇಲಿಯ ಅಂಗಿ, ನನ್ನದೂ ಸೇರಿ, ಹೊಲಿದವನು ಆ ದರ್ಜಿಯೇ. ಬಿಳಿ ಇರಲಿ, ಖಾಕಿ ಇರಲಿ, ಹುಬ್ಬಳ್ಳಿಯಿಂದ ಸಗಟಾಗಿ ತಂದ ಅದೇ ಗುಂಡಿ ಹಚ್ಚಿದ್ದ. ಊರಿಗೆ ಊರೇ ಎದೆಯ ಮೇಲೆ ಐದೈದು ರಿಯಾಯಿತಿ ಹೊತ್ತು ತಿರುಗುತ್ತಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ನಾನೂ ಒಂದು ಕಿತ್ತೆ. ಅಂಗಿಯ ಎರಡನೇ ಗುಂಡಿ...

ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ತೂತಿನಲ್ಲಿ ದಾರದ ಎಳೆ ಉಳಿದಿತ್ತು. “ಎರಡ ಗಂಟು. ಇದು ನಮ್ಮ ಮನಿಯವ್ರ ಹೊಲಿಗಿ,” ಎಂದಳು. ಆಮೇಲೆ ನನ್ನ ಅಂಗಿ ನೋಡಿದಳು. “ನೀವೂ ಏನ್ರಿ, ಗುಮಾಸ್ತರ?”

ಭೂಮಿ ಬಾಯಿಬಿಡಬಾರದೇ ಅನಿಸಿತು. ಅಕ್ಕ ಬೈಯಲಿಲ್ಲ. ಎಂಟಾಣೆ ಬಿಟ್ಟೇ ರೊಟ್ಟಿ ನೀಡಿದಳು. ಎಲ್ಲರ ಊಟವಾದ ಮೇಲೆ ಸೂಜಿದಾರ ತಂದಳು.

“ಅಂಗಿ ಬಿಚ್ರಿ ಎಲ್ಲಾರೂ. ಅವ್ರು ಹಚ್ಚಿದ್ದನ್ನ ಹಿಂಗ ಹರಕೊಂಡು ಅಡ್ಡಾಡಿದ್ರ ನನಗ ನೋಡಾಕ ಆಗೂದಿಲ್ಲ.”

ಹದಿನಾಲ್ಕು ಗಂಡಸರು ಬನಿಯನ್ನಿನಲ್ಲಿ ತಲೆ ತಗ್ಗಿಸಿ ಕುಳಿತೆವು. ಅಕ್ಕ ಒಂದೊಂದೇ ಗುಂಡಿ ಹಚ್ಚಿದಳು, ಎರಡೆರಡು ಗಂಟು ಹಾಕಿ. ಎದುರಿನ ಹೋಟೆಲಿನವನು ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ನೋಡಿದ.

ಆ ಅಂಗಿ ತೊಟ್ಟು ರಿಯಾಯಿತಿ ಕೇಳುವ ಮುಖ ಯಾರಿಗಿತ್ತು? ಮರುದಿನದಿಂದ ಎಲ್ಲರೂ ಪೂರ್ತಿ ಕೊಟ್ಟರು. ರಸ್ತೆ ದಾಟಲು ಯಾರಿಗೂ ಮನಸ್ಸಾಗಲಿಲ್ಲ. ದೀಪಾವಳಿ ಬಂತು, ಒಲೆ ಆರಲಿಲ್ಲ.

ಮುಂದೆ ನಾನು ಮುಂಡಗೋಡಿನ ಡಿಪೋಗೆ ಹೋದೆ. ಹೋಗಿ ಬರುತ್ತೇನೆ ಎಂದದ್ದೇ ಕೊನೆ... ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ವರ್ಷ ಕಳೆದ ಮೇಲೆ. ಖಾನಾವಳಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಆ ಅಂಗಿ ಎಂದೋ ಹರಿದುಹೋಯಿತು. ಗುಂಡಿಯನ್ನು ಮಾತ್ರ ಹೊಸ ಅಂಗಿ ಹೊಲಿಸಿದಾಗಲೆಲ್ಲ ಅದಕ್ಕೆ ಹಚ್ಚಿಸಿಕೊಳ್ಳುತ್ತ ಬಂದಿದ್ದೇನೆ. ಅಕ್ಕ ಹಾಕಿದ ಗಂಟನ್ನು ಉಳಿಸಿಕೊಳ್ಳಲು ಆಗಲಿಲ್ಲ.

“ಕೂಪನ್ ಇಲ್ಲೇನ್ರಿ?” ಹುಡುಗಿ ಮತ್ತೆ ಕೇಳಿದಳು.

“ಐತವ್ವಾ, ಆದ್ರ ಕೊಡೂದಿಲ್ಲ,” ಎಂದೆ. “ಪೂರಾ ತಗೋ.”