ಮಾಯವ್ವನ ಮೂರು ಅಮಾವಾಸ್ಯೆ

ಹುನ್ನೂರಿನ ಮಾಯವ್ವ ನನಗೆ ಸೋದರತ್ತೆ, ಅಪ್ಪನ ಅಕ್ಕ. ಅವಳಷ್ಟು ಹಟಮಾರಿ ಹೆಂಗಸನ್ನು ನಾನು ಇಷ್ಟು ವರ್ಷದಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಅವಳಷ್ಟು ಚುರುಕು ಕಣ್ಣಿನವಳನ್ನೂ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇನ್ನೂರು ಕುರಿಗಳ ಹಿಂಡು ಎದುರಿಗೆ ಹಾದುಹೋಗುತ್ತಿದ್ದರೆ ಕಟ್ಟೆಯ ಮೇಲೆ ಕೂತಲ್ಲಿಂದಲೇ, "ಆ ಕರೀ ಮಾರಿದು ಹಿಡೀರಿ, ಅದರ ಕಿವ್ಯಾಗ ಉಣ್ಣಿ ಐತಿ" ಎನ್ನುವಳು. ಹಿಡಿದು ಕಿವಿ ಮಡಚಿ ನೋಡಿದರೆ ಖರೆ! ಉಣ್ಣಿ ಕೂತೇ ಇರುತ್ತಿತ್ತು.

ಉಣ್ಣಿ ಅಂದರೆ ಗೊತ್ತಲ್ಲ? ಚರ್ಮ ಕಚ್ಚಿ ರಕ್ತ ಕುಡಿಯುವ ಹುಳು. ಗಡಿಬಿಡಿಯಲ್ಲಿ ಕಿತ್ತರೆ ಹೊಟ್ಟೆ ಕೈಗೆ ಬರುತ್ತದೆ, ತಲೆ ಒಳಗೇ ಉಳಿಯುತ್ತದೆ. ಆಮೇಲೆ ಅಲ್ಲಿ ಕೀವು. ಆ ತಲೆಯನ್ನು ಜಾಲಿ ಮುಳ್ಳಿನ ತುದಿಯಿಂದ ಎತ್ತಿ ತೆಗೆಯುವ ಕೆಲಸಕ್ಕೆ ಮುಧೋಳ, ಬೀಳಗಿ ಸೀಮೆಯ ಕುರುಬರೂ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮುಳ್ಳಾಡಿಸಿ, ಬೀರೇಶ್ವರನ ಭಂಡಾರ, ಅಂದರೆ ಪ್ರಸಾದದ ಅರಿಶಿನ ಪುಡಿ, ಒತ್ತಿ, ಕಳಿಸುವಾಗ ಎಲ್ಲರಿಗೂ ಒಂದೇ ಮಾತು ಹೇಳುವಳು.

"ಮೂರು ಅಮಾಸಿ ನೋಡು. ಅಷ್ಟರಾಗ ಗಾಯ ಮಾಯ್ತು, ಅದು ಉಣ್ಣೀದು. ಮುಚ್ಚಿದಂಗ ಮಾಡಿ ಮತ್ತ ಬಿಚ್ಚಾಕತ್ತು, ಅದು ಉಣ್ಣಿ ಅಲ್ಲ, ಬ್ಯಾರೆ ಏನೋ ಐತಿ. ಆ ಕುರಿ ನನ್ನ ಕಡೆ ತರಬ್ಯಾಡ, ಜಮಖಂಡಿ ದನದ ದವಾಖಾನಿಗೆ ಒಯ್ಯಿ."

ಇಷ್ಟು ತಿಳಿದವಳ ಎಡಗಣ್ಣಿನ ಮೂಲೆಗೆ, ಮೂಗಿನ ಪಕ್ಕದಲ್ಲಿ, ಒಂದು ಗಾಯ! ಮೊದಲು ಜೋಳದ ಕಾಳಿನಷ್ಟು ಗಂಟಿತ್ತು. ಅಡವಿಯಲ್ಲಿ ಉಣ್ಣಿ ಕಚ್ಚಿದೆ, ತಲೆ ಒಳಗೆ ಉಳಿದಿದೆ ಎಂದು ತಾನೇ ತೀರ್ಮಾನ ಮಾಡಿದಳು, ತಾನೇ ಮುಳ್ಳಾಡಿಸಿಕೊಂಡಳು. ರಕ್ತ ಬಂತು, ಹಕ್ಕಳೆ ಕಟ್ಟಿತು, ವಾಸಿಯಾದ ಹಾಗೆ ಕಂಡಿತು. ತಿಂಗಳಿಗೆ ಮತ್ತೆ ಒಡೆಯಿತು. ನೋವಿಲ್ಲ, ತುರಿಕೆ ಇಲ್ಲ, ಜ್ವರವಿಲ್ಲ. ನೋವಿಲ್ಲದ ಗಾಯಕ್ಕೆ ಯಾರು ಹೆದರುತ್ತಾರೆ?

ಮೇಲೆ ಭಂಡಾರ ಬೇರೆ. ಪ್ರತಿ ಅಮಾವಾಸ್ಯೆಗೆ ಬೀರೇಶ್ವರನ ಗುಡಿಗೆ ಹೋದರೆ ಪೂಜಾರಿ ಸಿದರಾಯ ಅವಳ ಹಣೆಗೆ ಭಂಡಾರ ಬಳಿದು, "ಇಲ್ಲೂ ಹಚ್ತೀನಿ ಯಕ್ಕಾ, ದೇವರು ಕಡಿಮಿ ಮಾಡ್ತಾನ" ಎಂದು ಗಾಯದ ಮೇಲೂ ಒಂದು ಚಿಟಿಕೆ ಒತ್ತುತ್ತಿದ್ದ. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಒತ್ತುತ್ತಿದ್ದ. ದೇವರ ಭಂಡಾರ ತಾನಾಗಿ ಉದುರಬೇಕು, ಕೈಯಿಂದ ಒರೆಸಬಾರದು ಎನ್ನುವುದು ನಮ್ಮ ಮನೆತನದ ಕಟ್ಟಳೆ. ಹಾಗಾಗಿ ನಮಗೆಲ್ಲ ಕಂಡದ್ದು ಹಳದಿ ಮಾತ್ರ. ಅದರ ಕೆಳಗೆ ಏನು ಬೆಳೆಯುತ್ತಿದೆ ಎಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಇವತ್ತಿಗೂ ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬೈ ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಜಮಖಂಡಿಯ ಡಾಕ್ಟರ್ ಬಾಳಾಸಾಹೇಬರು ಹೇಳಿಕಳಿಸಿದರು. ಅವರ ತಾಯಿಗೆ ಮೇಕೆ ಹಾಲೇ ಆಗಬೇಕು, ಆ ಮೇಕೆಯ ಕಿವಿ ಊದಿಕೊಂಡಿದೆ, ಮಾಯವ್ವ ಬಂದು ನೋಡಲಿ ಎಂದು. ಮಾಯವ್ವನ ಜಂಬ ಕೇಳಬೇಕೆ! "ನೋಡಬೇ ತಂಗೆವ್ವಾ, ಡಾಕ್ಟರಗೂ ನಾನ ಡಾಕ್ಟರಕಿ" ಎಂದು ದಾರಿಯುದ್ದಕ್ಕೂ ಬೀಗಿದಳು.

ಡಾಕ್ಟರರ ಹಿತ್ತಲಲ್ಲಿ ಮೇಕೆಯನ್ನು ಮೊಳಕಾಲಿನ ನಡುವೆ ಅದುಮಿ ಹಿಡಿದು, ಮುಳ್ಳು ಆಡಿಸಿ, ಒಂದು ಚಿಕ್ಕ ಕರಿ ಚುಕ್ಕೆಯನ್ನು ಹೆಬ್ಬೆರಳಿನ ಉಗುರ ಮೇಲೆ ಇಟ್ಟು ತೋರಿಸಿದಳು. ಡಾಕ್ಟರು "ಭೇಷ್!" ಎಂದರು.

"ಮೂರು ಅಮಾಸಿ ನೋಡ್ರಿ ಸಾಹೇಬ್ರ. ಅಷ್ಟರಾಗ ಮಾಯದಿದ್ರ ಅದು ಉಣ್ಣೀದಲ್ಲ."

"ಛಲೋ ಮಾತು ಹೇಳಿದ್ರಿ" ಎಂದ ಡಾಕ್ಟರು ಅವಳ ಮುಖವನ್ನೇ ನೋಡುತ್ತ ನಿಂತರು. "ಅಲ್ಲ ಯವ್ವಾ, ನಿಮ್ಮ ಮೂಗಿನ ಬಾಜೂಕ ಏನದ ಅದು?"

"ಅದೂ ಉಣ್ಣೀದ ರೀ. ತಲಿ ಒಳಗ ಉಳದೈತಿ."

"ಎಷ್ಟ ದಿವಸಾತು?"

ಮಾಯವ್ವ ಮೇಕೆಯ ಬೆನ್ನು ಸವರುತ್ತ ಕೂತಳು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ನನ್ನ ಮದವಿ ಆದ ವರ್ಷ ಶುರು ಆಗಿದ್ರಿ. ಏಳು ವರ್ಷಾತು" ಎಂದೆ. ಎಂದವಳಿಗೆ ಆಗಲೇ ಲೆಕ್ಕ ಹೊಳೆಯಿತು. ಏಳು ವರ್ಷ! "ಅತ್ತೀ, ಏಳು ವರ್ಷಕ್ಕ ಎಷ್ಟು ಅಮಾಸಿ ಆದೂ? ಕುರೀಗೆ ಮೂರು, ನಿನಗ ಎಂಬತ್ನಾಕ? ದೀಪದ ಬುಡದಾಗ ಕತ್ತಲಿ ಅಂತಾರಲ್ಲ, ಇದಕ್ಕ ನೋಡು!"

"ಬಾಯಿ ಮುಚ್ಚಬೇ!" ಎಂದಳು. ಆದರೆ ಆ ಬೈಗುಳದಲ್ಲಿ ಕಸುವಿರಲಿಲ್ಲ.

ಡಾಕ್ಟರು ಒದ್ದೆ ಹತ್ತಿ ತಂದು ಕೈ ಮುಂದೆ ಮಾಡಿದರು. ಮಾಯವ್ವ ಹಾವು ಕಂಡವಳಂತೆ ಹಿಂದೆ ಸರಿದಳು. "ದೇವರ ಭಂಡಾರ ಒರಸಬ್ಯಾಡ್ರಿ!"

ಬೇರೆ ಯಾರಾದರೂ ಆಗಿದ್ದರೆ ಗದರಿಸುತ್ತಿದ್ದರು. ಬಾಳಾಸಾಹೇಬರು ಒಳಗೆ ಹೋಗಿ ಒಗೆದ ಬಿಳಿ ವಸ್ತ್ರದ ತುಂಡೊಂದನ್ನು ತಂದು ಅವಳ ಕೈಯಲ್ಲಿಟ್ಟರು. "ನಾ ಒರಸೂದಿಲ್ಲ. ನೀವ ಒರಸಿ, ಈ ವಸ್ತ್ರ ನಿಮ್ಮ ಉಡ್ಯಾಗ ಕಟ್ಟಿಕೊಳ್ರಿ. ಭಂಡಾರ ನೆಲಕ್ಕ ಬೀಳೂದಿಲ್ಲ, ನಿಮ್ಮ ಕಡೆನ ಇರ್ತದ."

ಮಾಯವ್ವ ಆ ವಸ್ತ್ರವನ್ನು ಹಣೆಗೆ ಒತ್ತಿಕೊಂಡಳು. "ಬೀರಪ್ಪಾ, ತಪ್ಪು ತಿಳೀಬ್ಯಾಡೋ" ಎಂದು ಮೆಲ್ಲಗೆ ಒರೆಸಿಕೊಂಡಳು. ಡಾಕ್ಟರು ಒಂದು ಕೈಗೆ ಕನ್ನಡಿ, ಇನ್ನೊಂದು ಕೈಗೆ ಭೂತಗನ್ನಡಿ ಕೊಟ್ಟರು. "ಕುರಿ ಗಾಯ ನೋಡಿದಂಗ ನೋಡ್ರಿ" ಎಂದರು.

ನೋಡಿದಳು. ನಾಲ್ಕಾಣೆಯ ಪಾವಲಿಯಷ್ಟು ಅಗಲದ ಗಾಯ. ನಡುವೆ ಗುಳಿ. ಸುತ್ತ ಅಂಚು ಎದ್ದು, ಸಣ್ಣ ಮಣಿ ಪೋಣಿಸಿದ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಎಳೆಗಳು. ಕೆಳ ರೆಪ್ಪೆಯ ತುದಿಯನ್ನು ಅದು ಆಗಲೇ ಮುಟ್ಟಿತ್ತು. ಅಯ್ಯ ಶಿವನೇ! ಡಾಕ್ಟರು ಬಾಯಿ ತೆರೆಯುವ ಮೊದಲೇ ಮಾಯವ್ವ ಕನ್ನಡಿ ಕೆಳಗಿಟ್ಟಳು.

"ಇದು ಉಣ್ಣಿ ಅಲ್ಲ" ಎಂದಳು.

"ಅಲ್ಲ. ಇದು ಚರ್ಮದ ಕ್ಯಾನ್ಸರ್, ಯವ್ವಾ. ಬಿಸಲಾಗ ಹುಟ್ಟಿ ಬಿಸಲಾಗ ಬೆಳದವರಿಗೆ ಮಾರಿ ಮ್ಯಾಲೆ ಬರ್ತದ. ಮೈತುಂಬ ಓಡ್ಯಾಡೂ ಜಾತಿ ಅಲ್ಲ, ಅದೊಂದು ಪುಣ್ಯ. ಆದ್ರ ಕೂತ ಜಾಗಾ ಬಿಡೂದಿಲ್ಲ. ಚರ್ಮ, ಎಲವು, ಕಣ್ಣು, ಏನ ಸಿಗ್ತದ ತಿಂತ ಹೋಗ್ತದ. ನೋವು ಆಗೂದಿಲ್ಲ, ಅದ ಅದರ ಮೋಸ. ಮುಳ್ಳಲೆ ಕೆದರಿದ್ರ, ಮುಲಾಮು ಹಚ್ಚಿದ್ರ ಹೋಗೂದಲ್ಲ. ಕತ್ತರಿಸಿ ತೆಗೀಬೇಕು, ಅದೂ ಲಗೂನ."

"ಕಣ್ಣು?"

"ಉಳೀಬಹುದು. ಒಳಗ ಎಷ್ಟ ಹೋಗೇದ ಅನ್ನೂದು ತೆಗೀವಾಗ ಗೊತ್ತಾಗ್ತದ."

"ಕಣ್ಣ ಹ್ವಾದ್ರ ನಾ ಯಾರಿಗೆ ಬೇಕ್ರಿ ಸಾಹೇಬ್ರ?" ಎಂದಳು ಮಾಯವ್ವ. ಗಂಡ ಸತ್ತಾಗಲೂ ಕಣ್ಣೀರು ಹಾಕದವಳು ಆ ಮೇಕೆಯ ಕುತ್ತಿಗೆಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ.

ಡಾಕ್ಟರು ಮಿರಜಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ವಾರ ಕಳೆಯುವುದರೊಳಗೆ ನಾವು ಕುಡಚಿಯಲ್ಲಿ ರೈಲು ಹತ್ತಿದ್ದೆವು. ಮಾಯವ್ವನಿಗೆ ಅದು ಮೊದಲ ರೈಲು. ಕೃಷ್ಣೆಯ ಸೇತುವೆ ಬಂದಾಗ ಎಡಗಣ್ಣು ಒಮ್ಮೆ, ಬಲಗಣ್ಣು ಒಮ್ಮೆ ಮುಚ್ಚಿ ಹೊಳೆ ನೋಡಿದಳು. ಆಚೆ ದಂಡೆಯಲ್ಲಿ ಕುರಿ ಮೇಯುತ್ತಿದ್ದವು. "ಒಂದು ಕುಂಟಾಕತ್ತೈತಿ" ಎಂದಳು.

ಮಿರಜಿನಲ್ಲಿ ಗಾಯದ ಅಂಚಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಲುಬಿನ ಫೋಟೋ ತೆಗೆದರು. ಬಾಳಾಸಾಹೇಬರು ಹೇಳಿದ್ದೇ ರೋಗ. ಎಲುಬು ಮಾತ್ರ ಗಟ್ಟಿಯಾಗಿತ್ತು. ಅಲ್ಲಿನ ದೊಡ್ಡ ಡಾಕ್ಟರು ಮರಾಠಿ ಬೆರೆಸಿದ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದರು. ಗಾಯದ ಸುತ್ತಲಿನ ಛಲೋ ಚರ್ಮವನ್ನೂ ಸ್ವಲ್ಪ ಸೇರಿಸಿ ಕತ್ತರಿಸಬೇಕು. ಆದ ಗುಂಡಿ ಮುಚ್ಚಲು ಹಣೆಯಿಂದ ಒಂದು ಪಟ್ಟಿ ಚರ್ಮ ಬಿಡಿಸಿ, ಬುಡ ಕಡಿಯದೆ ಕೆಳಗೆ ತಿರುವಿ ಹೊಲಿಯಬೇಕು. ಮೂರು ವಾರ ಅದು ಹಾಗೇ ಜೋತಿರುತ್ತದೆ. ಹೊಸ ಜಾಗದಲ್ಲಿ ಜೀವ ಹಿಡಿದ ಮೇಲೆ ಬುಡ ಬಿಡಿಸುವುದು.

ಹೇಳುತ್ತ ಹೇಳುತ್ತ ಅವರು ಮಾಯವ್ವನ ಹಣೆಯ ಹಚ್ಚೆ ಬೊಟ್ಟಿನ ಮೇಲೆ ಬೆರಳಿಟ್ಟರು. ಏಳು ವರ್ಷದವಳಿದ್ದಾಗ ಅವಳ ಅವ್ವ ಚುಚ್ಚಿಸಿದ ಹಸಿರು ಬೊಟ್ಟು. "ಈ ಬೊಟ್ಟು ಆ ಚರ್ಮದ ಸಂಗಡ ಮೂಗಿನ ಕಡೆ ಇಳೀತೈತಿ. ನಡೀತದ?"

ಸತ್ತಾಗ ಜೊತೆಗೆ ಬರುವುದು ಹಚ್ಚೆ ಒಂದೇ ಎನ್ನುತ್ತಾರೆ ನಮ್ಮಲ್ಲಿ. ಅದರ ಜಾಗ ಬದಲಿಸುವುದೆಂದರೆ! ಮಾಯವ್ವ ಕಿಸಕ್ಕನೆ ನಕ್ಕಳು. "ಇಳೀಲಿ ಬಿಡ್ರಿ. ಹಣೀ ಮ್ಯಾಲೆ ಸುಮ್ನ ಕುಂತಿತ್ತು, ಕಣ್ಣು ಕಾಯೋ ಕೆಲಸ ಮಾಡ್ಲಿ. ಕಣ್ಣ ತೆಗೀಬೇಕಾದ್ರೂ ತೆಗೀರಿ, ಆದ್ರ ಬೇರು ಒಳಗ ಬಿಡಬ್ಯಾಡ್ರಿ. ತಲಿ ಉಳದ್ರ ಏನಾಗತೈತಿ ಅಂತ ನನಗ ಗೊತ್ತೈತಿ." ಎಂದು ಹೆಬ್ಬೆಟ್ಟು ಒತ್ತಿದಳು. ನನ್ನ ಅತ್ತೆ ರೀ! ಆಗ ಎಷ್ಟು ಹೆಮ್ಮೆಯಾಯಿತೆಂದರೆ ಅಲ್ಲೇ ಅವಳ ಕಾಲು ಮುಟ್ಟಿದೆ.

ಆಪರೇಶನ್ ದಿನ ಮುಂಜಾನೆ ಅವಳನ್ನು ಒಳಗೆ ಒಯ್ದರು. ನಾನು ಬೇವಿನ ಮರದ ಕೆಳಗೆ ಕೂತೆ, ಎದ್ದೆ, ಬಾಗಿಲಿಗೆ ಹೋದೆ, ಬೈಸಿಕೊಂಡು ಬಂದೆ, ಮತ್ತೆ ಹೋದೆ. ಮಧ್ಯಾಹ್ನ ನೆರಳು ಕಾಲ ಬುಡಕ್ಕೆ ಬಂದಾಗ ನರ್ಸಬಾಯಿ ಹೊರಗೆ ಬಂದಳು. "ಪೂರಾ ತೆಗದಾರ. ರೆಪ್ಪಿ ತುದಿ ಅಷ್ಟ ಹೋಗೇತಿ. ಕಣ್ಣ ಉಳೀತು!"

ಕಣ್ಣು ಉಳಿಯಿತು! ನಾನು "ಬೀರಪ್ಪಾ!" ಎಂದು ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಹಾರಿದವು. ನರ್ಸಬಾಯಿಯನ್ನು ತಬ್ಬಿಕೊಂಡೆ. ಅವಳ ಬಿಳಿ ಟೋಪಿ ನೆಲಕ್ಕೆ ಬಿತ್ತು, ಅದಕ್ಕೂ ಬೈಸಿಕೊಂಡೆ.

ಮೂರು ವಾರ ಅವಳ ಹಣೆಯಿಂದ ಮೂಗಿನ ಪಕ್ಕಕ್ಕೆ ಮಾಂಸದ ಪಟ್ಟಿ ಜೋತುಬಿದ್ದಿತ್ತು. ನೋಡಲು ಬಂದವರು ಹೆದರಿದರೆ, "ಯಾಕ, ಗಣಪ್ಪಗ ಸೊಂಡಿ ಇದ್ರ ಕೈ ಮುಗೀತೀರಿ, ನನಗಿದ್ರ ಅಂಜತೀರಿ?" ಎಂದು ಚಾಷ್ಟಿ ಮಾಡುವಳು. ಬುಡ ಬಿಡಿಸಿ ಹೊಲಿಗೆ ಬಿಚ್ಚಿದ ದಿನ ಕನ್ನಡಿ ಕೇಳಿದಳು. ಹಣೆಯಲ್ಲಿ ಉದ್ದ ಗೆರೆ. ಹಸಿರು ಬೊಟ್ಟು ಕಣ್ಣಿನ ಮೂಲೆಗೆ ಬಂದು ಕೂತಿತ್ತು. ದೊಡ್ಡ ಡಾಕ್ಟರು, ಒಮ್ಮೆ ಬಂದದ್ದು ಮತ್ತೆ ಬರಬಹುದು, ಬೇರೆ ಕಡೆಯೂ ಏಳಬಹುದು, ಆರು ತಿಂಗಳಿಗೊಮ್ಮೆ ತೋರಿಸಬೇಕು, ಬಿಸಿಲಲ್ಲಿ ಸೆರಗು ಹೊದೆಯಬೇಕು ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮೇಲಿನ ಅಮಾವಾಸ್ಯೆಗೆ ಗುಡಿ ತುಂಬ ಜನ. ಎಲ್ಲರಿಗೂ ಮಾಯವ್ವನ ಮುಖ ನೋಡುವ ಆಸೆ. ಪೂಜಾರಿ ಸಿದರಾಯ ಭಂಡಾರದ ತಟ್ಟೆ ಹಿಡಿದು ಬಂದು, ಅವಳ ಹಣೆಯ ಗೆರೆ ನೋಡಿ ತಡವರಿಸಿದ.

"ಎಲ್ಲಿ ಹಚ್ಚಲಿ ಯಕ್ಕಾ?"

"ಹಣೀಗೆ ಹಚ್ಚೋ. ಮೂಗಿನ ಕಡೆ ಬಂದ್ರ ಕೈ ಮುರೀತೀನಿ."

ಭಂಡಾರ ಹಚ್ಚಿಸಿಕೊಳ್ಳುವಾಗ ಕಣ್ಣು ಮುಚ್ಚುವುದು ರೂಢಿ. ಐವತ್ತು ವರ್ಷ ಅವಳೂ ಮುಚ್ಚಿದ್ದಳು. ಅವತ್ತು ಸಿದರಾಯನ ಬೆರಳು ಹೊಸ ಚರ್ಮದ ಹತ್ತಿರ ಬಂದೀತೆಂದು ಎರಡೂ ಕಣ್ಣು ತೆರೆದೇ ಕೂತಿದ್ದಳು. ಅವನು ಬಗ್ಗಿದ. ದೇವರ ಮುಂದೆ ರುಮಾಲು ತೆಗೆದಿದ್ದ, ಬಾಗಿಲಿಂದ ಬಂದ ಬಿಸಿಲು ಅವನ ಕಿವಿಯ ಮೇಲೆ ಬಿತ್ತು. ಮಾಯವ್ವ ಅವನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಸಿದರಾಯಾ, ಕಿವಿ ಅಂಚಿನ ಮ್ಯಾಲೆ ಏನದು?"

"ಅದಾ? ಏನಿಲ್ಲ ಯಕ್ಕಾ. ಉಣ್ಣಿ ಕಚ್ಚಿತ್ತು. ದಿನಾ ಭಂಡಾರ ಹಚ್ಚಾಕತ್ತೇನಿ."

"ಎಷ್ಟು ಅಮಾಸಿ ಆದೂ?"

ಸಿದರಾಯ ಬೆರಳು ಮಡಚಿ ಎಣಿಸತೊಡಗಿದ, ಮೂರು ದಾಟಿದರೂ ಎಣಿಕೆ ಮುಗಿಯಲಿಲ್ಲ. ಮಾಯವ್ವ ಉಡಿಯ ಗಂಟು ಬಿಚ್ಚಿ, ಹಳದಿ ಹಿಡಿದಿದ್ದ ಆ ಬಿಳಿ ವಸ್ತ್ರ ತೆಗೆದು ಅವನ ಕೈಯಲ್ಲಿಟ್ಟಳು.

"ಒರಸು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ತಂಗೆವ್ವಾ, ಜಮಖಂಡಿಗೆ ನಡಿ, ಚಪ್ಪಲಿ ಮೆಟ್ಟು."